ಕೆಟ್ಟವರ ಗ್ಯಾಂಗು ಒಳ್ಳೆ ಟೀಮ್ ಆಗೋದು ಹೇಗೆ? ‘ಥಂಡರ್‌ಬೋಲ್ಟ್ಸ್’ ಓದಿದವರು ಬನ್ನಿ

ಹಳೇ_ಸಂಚಿಕೆ

2025ರ ಸಿನಿಮಾ ನೋಡಿದ ಮೇಲೆ ಸುಮಾರು ಜನ ಥಂಡರ್‌ಬೋಲ್ಟ್ಸ್ ಕಾಮಿಕ್ಸ್ ಬಗ್ಗೆ ಕೇಳ್ತಿದ್ದಾರೆ. ಅದಕ್ಕೇ ಈ ಎಳೆ. ಮೊದಲೇ ಹೇಳಿಬಿಡ್ತೀನಿ, 1997ರ ಗುಟ್ಟು ಇಲ್ಲಿ ಬಯಲಾಗುತ್ತೆ. ಗೊತ್ತಿಲ್ಲದೆ ಓದಬೇಕು ಅನ್ನೋರು ಇಲ್ಲಿಂದಲೇ ವಾಪಸ್ ಹೋಗಿ, ಮೊದಲ ಹನ್ನೆರಡು ಸಂಚಿಕೆ ಮುಗಿಸಿ ಬನ್ನಿ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ: 1996ರಲ್ಲಿ ಆನ್‌ಸ್ಲಾಟ್ ಅನ್ನೋ ಭಾರಿ ಖಳನ ಜೊತೆಗಿನ ಯುದ್ಧದಲ್ಲಿ ಅವೆಂಜರ್ಸು, ಫೆಂಟಾಸ್ಟಿಕ್ ಫೋರ್ ಎಲ್ಲ ಸತ್ತರು ಅಂತ ಮಾರ್ವೆಲ್ ಲೋಕ ನಂಬಿಬಿಡುತ್ತೆ. ನ್ಯೂಯಾರ್ಕ್ ಅರ್ಧ ಪುಡಿಪುಡಿ, ಕಾಪಾಡೋರು ದಿಕ್ಕಿಲ್ಲ. ಆಗ ಹೊಸ ವೇಷದಲ್ಲಿ ಆರು ಜನ ಬರ್ತಾರೆ: ಸಿಟಿಜನ್ ವಿ, ಟೆಕ್ನೋ, ಸಾಂಗ್‌ಬರ್ಡ್, ಅಟ್ಲಾಸ್, ಮ್ಯಾಕ್-1, ಮೀಟಿಯೊರೈಟ್. ಲೂಟಿಕೋರರನ್ನ ಹಿಡೀತಾರೆ, ಲಿಬರ್ಟಿ ಪ್ರತಿಮೆ ಹತ್ರ ರೆಕಿಂಗ್ ಕ್ರೂ ಅನ್ನೋ ಖಳರ ಗುಂಪನ್ನ ಚಚ್ಚಿ ಹಾಕ್ತಾರೆ, ಊರೆಲ್ಲ ಜೈಕಾರ. ಮೊದಲ ಸಂಚಿಕೆಯ ಕೊನೆ ಪುಟದಲ್ಲಿ ಸಿಟಿಜನ್ ವಿಯ ಮುಖವಾಡ ಕಳಚುತ್ತೆ. ಅದು ಅವೆಂಜರ್ಸ್‌ನ ಹಳೇ ಶತ್ರು ಬ್ಯಾರನ್ ಹೆಲ್ಮುಟ್ ಝೀಮೋ! ಉಳಿದವರು ಅವನ ‘ಮಾಸ್ಟರ್ಸ್ ಆಫ್ ಈವಿಲ್’ ಗ್ಯಾಂಗಿನವರೇ. ಜನರ ನಂಬಿಕೆ ಗಳಿಸಿ, ಸರ್ಕಾರದ ಗುಟ್ಟುಗಳಿಗೆ ಕೈ ಹಾಕಿ, ಆಮೇಲೆ ಲೋಕಾನೇ ಹಿಡಿಯೋ ಪ್ಲಾನು.

ಕಥೆಗಾರ ಕರ್ಟ್ ಬ್ಯೂಸಿಕ್, ಚಿತ್ರ ಮಾರ್ಕ್ ಬ್ಯಾಗ್ಲಿ. ಅದಕ್ಕೂ ಮುಂಚೆ ಇವರನ್ನ ಹಲ್ಕ್‌ನ 449ನೇ ಸಂಚಿಕೆಯಲ್ಲಿ ಮಾಮೂಲಿ ಹೀರೋಗಳ ಥರಾನೇ ತೋರಿಸಿಬಿಟ್ಟಿದ್ರು, ಹಾಗಾಗಿ ಆಗಿನ ಓದುಗರಿಗೆ ಸುಳಿವೇ ಸಿಕ್ಕಿರಲಿಲ್ಲ.

ಈಗ ನನ್ನ ವಾದ. ‘ಪ್ರೀತಿ ಸಿಕ್ಕಿದ್ದಕ್ಕೆ ಕಳ್ಳರು ಬದಲಾದರು’ ಅಂತ ಎಲ್ಲರೂ ಇದನ್ನ ಓದ್ತಾರೆ. ನನಗೆ ಹಾಗನ್ಸಲ್ಲ. ಮನಸ್ಸು ಬದಲಾಗೋಕೆ ಎಷ್ಟೋ ಮುಂಚೆ ಅಲ್ಲಿ ಕೆಲಸದ ರೀತಿ ಬದಲಾಗುತ್ತೆ. ಹೀರೋ ಥರ ನಟಿಸಬೇಕು ಅಂದ್ರೆ ಕುಸಿಯೋ ಕಟ್ಟಡದ ಕೆಳಗಿರೋರನ್ನ ಮೊದಲು ಈಚೆ ತರಬೇಕು, ಆಮೇಲೆ ಹೊಡೆದಾಟ. ಮ್ಯಾಕ್-1 ಬೀಳ್ತಿದ್ರೆ ಸಾಂಗ್‌ಬರ್ಡ್ ಶಬ್ದದ ಗೋಡೆ ಕಟ್ಟಿ ಹಿಡೀಬೇಕು. ಬೀಟಲ್ ಆಗಿದ್ದಾಗ ಅವನನ್ನ ಯಾರು ಹಿಡೀತಿದ್ರು? ಜೊತೆಗಾರ ಬಿದ್ದರೆ ಪಾಲು ಜಾಸ್ತಿ ಸಿಗುತ್ತೆ ಅನ್ನೋ ಲೆಕ್ಕದವರು ಅವರು. ಈ ಹೊಸ ರೂಢಿ ಕೈಗೆ ಬಂತು, ಮನಸ್ಸು ಆಮೇಲೆ ನಿಧಾನವಾಗಿ ಹಿಂದೆ ಬಂತು. ಏನಂತೀರಿ?

ಕುಡ್ಲದ_ಓದುಗ

ಒಪ್ಪಿದೆ ಮಾರಾಯ್ರೆ, ಆದ್ರೆ ಅರ್ಧ ಮಾತ್ರ. ಜೋಲ್ಟ್ ಎಲ್ಲಿ ಹೋದ್ಲು ನಿಮ್ಮ ಲೆಕ್ಕದಲ್ಲಿ? ನಾಲ್ಕನೇ ಸಂಚಿಕೆಯಲ್ಲಿ ಬರ್ತಾಳಲ್ಲ, ಹ್ಯಾಲಿ ತಕಾಹಾಮ. ಆನ್‌ಸ್ಲಾಟ್ ಗಲಾಟೆಯಲ್ಲಿ ಮನೆಯವರನ್ನೆಲ್ಲ ಕಳ್ಕೊಂಡು, ಖಳ ವಿಜ್ಞಾನಿ ಆರ್ನಿಮ್ ಝೋಲಾನ ಪ್ರಯೋಗಕ್ಕೆ ಸಿಕ್ಕಿ, ತಪ್ಪಿಸ್ಕೊಂಡು ಬಂದ ಹುಡುಗಿ. ಅವಳಿಗೆ ಇವರು ಯಾರೂಂತ ಗೊತ್ತಿಲ್ಲ. ನಿಜವಾದ ಹೀರೋಗಳು ಅಂತಲೇ ನಂಬಿ ತಂಡ ಸೇರ್ತಾಳೆ. ಆ ಮನೆಯೊಳಗೆ ವೇಷ ಹಾಕದೆ ಓಡಾಡೋದು ಅವಳೊಬ್ಬಳೇ.

ಅವಳು ಬಂದ ಮೇಲೆ ಮನೆಯೊಳಗೂ ನಾಟಕ ಆಡಬೇಕಾಯ್ತಲ್ಲ! ಅದಕ್ಕೆ ಮುಂಚೆ ಬಾಗಿಲು ಹಾಕಿದ ಕೂಡಲೇ ಮುಖವಾಡ ತೆಗೆದು ಹಳೇ ಬೈಗುಳ ಬೈಬಹುದಿತ್ತು. ಈಗ ಊಟದ ಮೇಜಿನಲ್ಲೂ ಒಳ್ಳೆಯವರು ಆಗಿರಬೇಕು. ಇಪ್ಪತ್ನಾಲ್ಕು ಗಂಟೆಯ ಡ್ಯೂಟಿ. ನಿಮ್ಮ ರೂಢಿಯ ವಾದಕ್ಕೆ ಇವಳಷ್ಟು ದೊಡ್ಡ ಸಾಕ್ಷಿ ಬೇರೆ ಇಲ್ಲ, ಅವಳನ್ನೇ ಬಿಟ್ಟುಬಿಟ್ಟಿದ್ದೀರಿ.

ಹಳೇ_ಸಂಚಿಕೆ

ಬಾಗಿಲು ಹಾಕಿದ ಮೇಲೆ ಅನ್ನೋದು ತುಂಬಾ ಚೆನ್ನಾಗಿದೆ ಸರ್. ಮನೆ ಅಂದ್ರೂ ಯಾರ ಮನೆ? ಫೆಂಟಾಸ್ಟಿಕ್ ಫೋರ್ ಇದ್ದ ಫೋರ್ ಫ್ರೀಡಮ್ಸ್ ಪ್ಲಾಜಾ! ಸತ್ತುಹೋದ ಹೀರೋಗಳ ಮನೇಲಿ ಅವರ ಶತ್ರುಗಳು ಸಂಸಾರ ಹೂಡಿದ್ದಾರೆ.

ಪೇಡಾ_ಪ್ರಿಯ

ನಾ ಒಂದ್ ಮಾತ್ ಹೇಳ್ಲಿ? ನೀವೆಲ್ಲಾ ಭಾಳ ಲಗೂ ಕರಗ್ತೀರಿ. ಈ ಮಂದಿ ಏನ್ ಮಾಡ್ಯಾರ ಅನ್ನೋದು ಮರ್ತು ಬಿಟ್ರೇನು? ರೋಜರ್ ಸ್ಟರ್ನ್ ಬರದ ‘ಅಂಡರ್ ಸೀಜ್’ ಓದ್ರಿ, ಅವೆಂಜರ್ಸ್ 273ರಿಂದ 277. ಇದ ಝೀಮೋ, ಇದ ಗ್ಯಾಂಗು ಅವೆಂಜರ್ಸ್ ಮನಿಗೆ ನುಗ್ಗಿ ಹರ್ಕ್ಯುಲಿಸ್‌ನ್ನ ಕೋಮಾಕ್ಕ ಹೋಗೂ ಹಂಗ ಬಡೀತದ. ಬಡದವರೊಳಗ ಗೋಲಿಯಾತ್ ಇದ್ದ, ಅಂದ್ರ ನಿಮ್ಮ ಅಟ್ಲಾಸ್. ಬಟ್ಲರ್ ಜಾರ್ವಿಸ್‌ನ್ನ ಮಿಸ್ಟರ್ ಹೈಡ್ ಹಿಂಸಾ ಮಾಡೋದು ನೋಡಿದ್ರ ಹೊಟ್ಟ್ಯಾಗ ತಳಮಳ ಆಗ್ತದ. ಶಕ್ತಿ ಇಲ್ಲದ ಮುದುಕ, ಚಾ ಕೊಡಾಂವ!

ಮತ್ತ ಒಂದು ನೋಡ್ರಿ, ಆವಾಗೂ ಅವರ ಟೀಮ್‌ವರ್ಕ್ ಭಾರಿ ಇತ್ತು. ಅವೆಂಜರ್ಸ್ ಒಬ್ಬೊಬ್ಬರ ಆಗಿ ಮನಿಗೆ ಬರೂದನ್ನ ಕಾದು ಹಿಡದ್ರು. ಅಷ್ಟು ಶಿಸ್ತಿನ ಪ್ಲಾನು ಮಾರ್ವೆಲ್‌ನ್ಯಾಗ ಖಳರು ಮಾಡಿದ್ದು ಕಡಿಮಿ. ಹಂಗಾದ್ರ ಒಟ್ಟಿಗೆ ಕೆಲಸಾ ಮಾಡಿದ್ರ ಒಳ್ಳೇವ್ರು ಆಗ್ತಾರ ಅನ್ನೋ ನಿಮ್ಮ ಮಾತು ಅಲ್ಲೇ ಬಿತ್ತಲ್ರೀ? 1986ರಾಗ ಕೂಡಿ ಕೆಲಸಾ ಮಾಡಿದ್ದಕ್ಕ ಅವರು ಹೆಚ್ಚು ಕೆಟ್ಟವರಾದ್ರು.

ನಿಶಾಚರಿ

ಧಾರವಾಡದವರು ಬಂದ್ರು, ಎಳೆಗೆ ಕಳೆ ಬಂತು 😄

ಪೇಡಾ ಸರ್, ಆ ಪ್ರಶ್ನೆಗೆ ನನ್ನ ಉತ್ತರ. ‘ಅಂಡರ್ ಸೀಜ್’ನಲ್ಲಿ ಅವರಿಗೆ ಶಿಸ್ತು ಇತ್ತು, ನಿಜ. ಆದರೆ ಎಲ್ಲಾ ದಾರವೂ ಝೀಮೋನ ಕೈಯಲ್ಲಿ. ಒಬ್ಬೊಬ್ಬರಿಗೂ ಅವನ ಜೊತೆ ವ್ಯವಹಾರ ಇತ್ತು, ಪಕ್ಕದವರ ಜೊತೆ ಏನೂ ಇರಲಿಲ್ಲ. ಥಂಡರ್‌ಬೋಲ್ಟ್ಸ್‌ನಲ್ಲಿ ಬ್ಯೂಸಿಕ್ ಮೆಲ್ಲಗೆ ಅಡ್ಡದಾರಗಳನ್ನ ಹೆಣೀತಾರೆ. ಮೆಲಿಸ್ಸಾ (ಸಾಂಗ್‌ಬರ್ಡ್) ಮತ್ತು ಏಬ್ ಜೆಂಕಿನ್ಸ್ (ಮ್ಯಾಕ್-1) ನಡುವಿನ ಪ್ರೀತಿ. ಎರಿಕ್‌ಗೆ (ಅಟ್ಲಾಸ್) ಕಾರ್ಲಾ (ಮೀಟಿಯೊರೈಟ್) ಮೇಲಿನ ನಂಬಿಕೆ. ಜೋಲ್ಟ್‌ಗೆ ಎಲ್ಲರ ಮೇಲೂ. ಝೀಮೋ ‘ಸಾಕು, ಈಗ ನಾಟಕ ನಿಲ್ಲಿಸಿ’ ಅನ್ನೋ ಹೊತ್ತಿಗೆ ಅವನಿಗೇ ಗೊತ್ತಿಲ್ಲದ ಒಂದು ಬಲೆ ಅಲ್ಲಿ ಹಬ್ಬಿರುತ್ತೆ. 12ನೇ ಸಂಚಿಕೆಯಲ್ಲಿ ಟೆಕ್ನೋ ಒಬ್ಬನನ್ನ ಬಿಟ್ಟು ಉಳಿದವರು ಝೀಮೋ ವಿರುದ್ಧ ನಿಂತಿದ್ದು ಅದರಿಂದ.

ಮೆಲಿಸ್ಸಾ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕಂದ್ರೆ ಈ ಇಡೀ ಸರಣಿ ನನಗೆ ಅವಳದ್ದೇ. 1979ರಲ್ಲಿ ‘ಸ್ಕ್ರೀಮಿಂಗ್ ಮಿಮಿ’ ಅಂತ ಬಂದಾಗ ಅವಳು ಗ್ರ್ಯಾಪ್ಲರ್ಸ್ ಅನ್ನೋ ಕುಸ್ತಿ ಹೆಂಗಸರ ಗುಂಪಿನಲ್ಲಿ ಒಬ್ಬಳು, ಅಷ್ಟೇ. ಆಮೇಲೆ ಜೊತೆಗಾರ ಆಂಗರ್ ಕಣ್ಣೆದುರೇ ಸತ್ತಾಗ ಕಿರುಚಿ ಕಿರುಚಿ ದನಿಯ ಶಕ್ತಿಯನ್ನೇ ಕಳ್ಕೋತಾಳೆ. ಫಿಕ್ಸರ್ (ಅಂದ್ರೆ ಟೆಕ್ನೋ) ಅವಳಿಗೆ ಕ್ಲಾ ಅನ್ನೋ ಖಳನ ತಂತ್ರಜ್ಞಾನದಿಂದ ಹೊಸ ದನಿ ಕಟ್ಟಿಕೊಡ್ತಾನೆ. ಮೊದಲು ಬರೀ ಕಿರುಚಾಟ ಇದ್ದದ್ದು ಈಗ ರೂಪ ಪಡೆಯುತ್ತೆ: ರೆಕ್ಕೆ, ಗುರಾಣಿ, ಸೇತುವೆ, ಬೀಳೋರನ್ನ ಹಿಡಿಯೋ ಜಾಲ. ಅವಳ ಹೊಸ ಶಕ್ತಿಯ ಮುಕ್ಕಾಲು ಉಪಯೋಗ ಇನ್ನೊಬ್ಬರ ಸುತ್ತ ಏನಾದರೂ ಕಟ್ಟೋದಕ್ಕೆ. ಬ್ಯಾಗ್ಲಿ ಇದನ್ನ ಎಷ್ಟು ಚೆಂದ ಬರೀತಾರೆ ಅಂದ್ರೆ, ಆ ಗುಲಾಬಿ ಬಣ್ಣದ ಆಕಾರಗಳು ಯಾರನ್ನ ಹೊತ್ತಿವೆ ಅಂತ ನೋಡಿದರೆ ತಂಡದೊಳಗಿನ ಸಂಬಂಧ ಮಾತಿಲ್ಲದೆ ಗೊತ್ತಾಗುತ್ತೆ.

ಪೇಡಾ_ಪ್ರಿಯ

ಅಡ್ಡದಾರ ಛಲೋ ಅದ. ಆದ್ರ ಜಾರ್ವಿಸ್‌ಗೆ ಯಾರ್ ಉತ್ತರಾ ಕೊಡ್ತಾರ? ಅದಕ್ಕ ನಾ ಇನ್ನೂ ಕಾಯಾಕತ್ತೇನಿ.

ಸುಂಯ್_ಟಪಕ್

ಸಿನಿಮಾ ಮಾತ್ರ ನೋಡಿರೋನು ನಾನು. ಅದರಲ್ಲಿ ಯೆಲೆನಾ, ಬಕಿ, ರೆಡ್ ಗಾರ್ಡಿಯನ್ ಎಲ್ಲ ಇದ್ರು. ನೀವು ಹೇಳೋ ಒಬ್ಬರೂ ಇರಲಿಲ್ಲವಲ್ಲ ಗುರು?

ಹಳೇ_ಸಂಚಿಕೆ

ಹೆಸರು ಮಾತ್ರ ಅದೇ, ಸಾಮಾನು ಬೇರೆ. ಆದರೂ ಎರಡರ ನಡುವೆ ಒಂದು ಹೋಲಿಕೆ ಇದೆ. ಸಿನಿಮಾದ ಶುರುವಿನಲ್ಲಿ ಅವರಲ್ಲಿ ಕೆಲವರನ್ನ ಒಂದು ಕಡೆ ಸೇರಿಸಿದ್ದು ಯಾಕೆ? ಒಬ್ಬರನ್ನೊಬ್ಬರು ಕೊಂದು ಮುಗಿಸಲಿ ಅಂತ. ಕೊನೆಯಲ್ಲಿ ಸಿಐಎ ಮುಖ್ಯಸ್ಥೆ ವ್ಯಾಲೆಂಟಿನಾ ಅವರಿಗೆ ಅವೆಂಜರ್ಸ್ ಅನ್ನೋ ಬೋರ್ಡ್ ತಗುಲಿಸ್ತಾಳೆ, ಅದೂ ತನ್ನ ಮಾನ ಉಳಿಸ್ಕೊಳ್ಳೋಕೆ. ಝೀಮೋ ಮಾಡಿದ್ದೂ ಇದನ್ನೇ: ಸುಳ್ಳು ಬೋರ್ಡು, ಆಮೇಲೆ ಅದು ನಿಜ ಆಗೋ ತಲೆನೋವು.

ಮಳೆಗಾಲ

ಇಲ್ಲಿ ಯಾರೂ ಹೇಳದೆ ಇರೋದು ಒಂದಿದೆ. ತಿದ್ದಿಕೊಂಡ ಖಳರ ತಂಡ ಅನ್ನೋದು 1997ರ ಹೊಸ ಸರಕಲ್ಲ. ಅವೆಂಜರ್ಸ್ 16ನೇ ಸಂಚಿಕೆ, 1965. ಹಳಬರೆಲ್ಲ ರಜೆ ಹಾಕಿ ಹೋಗ್ತಾರೆ, ಕ್ಯಾಪ್ಟನ್ ಅಮೆರಿಕ ಒಬ್ಬರೇ ಉಳೀತಾರೆ. ಜೊತೆಗೆ ಸಿಗೋದು ಹಾಕ್‌ಐ, ಕ್ವಿಕ್‌ಸಿಲ್ವರ್, ಸ್ಕಾರ್ಲೆಟ್ ವಿಚ್. ಮೂವರೂ ಆಗಷ್ಟೇ ಖಳರ ಕಡೆಯಿಂದ ಬಂದವರು. ಹಾಕ್‌ಐ ಹಿಂದಿನ ವರ್ಷವಷ್ಟೇ, ಆಗಿನ್ನೂ ಖಳರ ಕಡೆ ಇದ್ದ ಬ್ಲ್ಯಾಕ್ ವಿಡೋ ಮಾತು ಕೇಳಿ ಐರನ್ ಮ್ಯಾನ್ ಮೇಲೆ ಬಾಣ ಬಿಟ್ಟವನು, ಅಣ್ಣತಂಗಿ ಮ್ಯಾಗ್ನೀಟೋನ ಗುಂಪಿನವರು. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಕಾಲದಲ್ಲೇ ಇದನ್ನೆಲ್ಲ ಮಾಡಿ ಮುಗಿಸಿದ್ದಾರೆ.

ಆ ಸಂಚಿಕೆಗಳಲ್ಲಿ ಅವರು ದಿನಾ ಜಗಳ ಆಡ್ತಾರೆ. ಹಾಕ್‌ಐ ಅಂತೂ ‘ಈ ಮುದುಕನಿಗೇನು ಗೊತ್ತು’ ಅನ್ನೋ ಧಾಟಿಯಲ್ಲೇ ಕ್ಯಾಪ್ಟನ್ ಜೊತೆ ಮಾತಾಡೋದು. ಆದರೂ ಓಡಿಹೋಗಲ್ಲ. ಯಾಕೆ? ಕ್ಯಾಪ್ಟನ್ ಅವರ ಹಳೇ ಕಥೆ ಕೇಳೋಕೆ ಹೋಗಲ್ಲ, ಸುಮ್ಮನೆ ಕೆಲಸ ಹಚ್ತಾರೆ.

ಅದೇ ಹಾಕ್‌ಐ 1998ರ ಕೊನೆಯಲ್ಲಿ ಥಂಡರ್‌ಬೋಲ್ಟ್ಸ್ ಮನೆಗೆ ಬಂದು ‘ನಾನು ನಿಮ್ಮ ನಾಯಕ ಆಗ್ತೀನಿ’ ಅಂದಾಗ ನನಗೆ ಮೈ ಜುಂ ಅಂದಿತ್ತು. ತನಗೆ ಸಿಕ್ಕಿದ್ದನ್ನ ಮುಂದಿನವರಿಗೆ ದಾಟಿಸೋಕೆ ಬಂದಿದ್ದಾನೆ ಅಂತ.

ಪೇಡಾ_ಪ್ರಿಯ

ಹಾಂ, ಈಗ ಬಂತು ನೋಡ್ರಿ ನನ್ನ ಹಾದಿಗೆ. ಹಾಕ್‌ಐ ಬಂದು ಮೊದಲು ಏನು ಮಾಡಿದ? ಏಬ್ ಜೆಂಕಿನ್ಸ್‌ಗೆ, ‘ನೀ ಒಂದು ಖೂನಿ ಮಾಡೀದಿ, ಹೋಗಿ ಜೈಲಿಗೆ ಹಾಜರಾಗು, ಇಲ್ಲಾಂದ್ರ ನಾ ಒಲ್ಲೆ’ ಅಂದ. ಏಬ್ ಹೋದಾನೂ. ಹೆಂಗಸು ಅಳ್ಕೋತ ನಿಂತಾಳ, ಟೀಮಿನ ಮುಖ್ಯ ಮನಷ್ಯಾನ ಹೊರಗ ಹೋಗಾಕತ್ತಾನ, ಆದ್ರೂ ಹೋದ. ಹೊಣಿ ಅಂದ್ರ ಅದು. ಈ ಸರಣಿ ನನಗ ಸೇರಿದ್ದು ಅಲ್ಲಿಂದ. ಅದಕ್ಕಿಂತ ಮೊದಲಿಂದು ಬರೇ ವೇಷ.

ಮತ್ತ ಅದ ಹೊತ್ತಿನ್ಯಾಗ ಹರ್ಕ್ಯುಲಿಸ್ ಸೇಡು ತೀರಿಸ್ಕೊಳ್ಳಾಕ ಅಟ್ಲಾಸ್‌ನ ಬೆನ್ನು ಹತ್ತಿ ಬರ್ತಾನ. ಬಡಿಸ್ಕೊಂಡಾಂವ ಬಂದು ಬಾಗಿಲು ಬಡದಾಗ ‘ನಾ ಈಗ ಬದಲಾಗೇನಿ’ ಅಂತ ಹೇಳಿದ್ರ ಮುಗೀತೇನು? ಬರದವರು ಆ ಪ್ರಶ್ನಿ ತಪ್ಪಿಸ್ಕೊಳ್ಳಲಿಲ್ಲ, ಅದಕ್ಕ ಮೆಚ್ಚಿದೆ.

ನಿಶಾಚರಿ

ಸರ್, ಮೆಲಿಸ್ಸಾ ಅಳ್ಕೋತ ನಿಂತಿದ್ದಳು ಅಂತ ಅಷ್ಟಕ್ಕೇ ಬಿಡಬೇಡಿ. ಅವಳು ಆಮೇಲೆ ತಂಡದಲ್ಲೇ ಉಳಿದಳು, ಅದೂ ಅವನನ್ನ ಒಳಗೆ ಕಳಿಸಿದ ನಾಯಕನ ಕೈಕೆಳಗೆ. ಆ ಕಡೆ ಜೈಲಿಗೆ ಹೋದವನದು ಒಂದು ತೂಕ, ಈ ಕಡೆ ಉಳಿದವಳದೂ ಒಂದು ತೂಕ.

ಇನ್ನೊಂದು ವಿಷಯ. ಹಾಕ್‌ಐ ಅವರಿಗೆ ಕ್ಷಮಾದಾನ ಕೊಡಿಸ್ತೀನಿ ಅಂತ ಮಾತು ಕೊಟ್ಟನಲ್ಲ, ಆ ಅಧಿಕಾರ ಅವನಿಗೆ ಇರಲೇ ಇಲ್ಲ! ಸುಳ್ಳು ಹೇಳೋರ ತಂಡಕ್ಕೆ ಸುಳ್ಳು ಹೇಳಿದ ನಾಯಕ. ಸಾಲ ತೀರಿಸೋದು 50ನೇ ಸಂಚಿಕೆಯಲ್ಲಿ, ಆಗ ಫೇಬಿಯನ್ ನಿಸೀಝಾ ಬರೀತಿದ್ರು. ತಂಡಕ್ಕೆ ಕ್ಷಮೆ ಸಿಗುತ್ತೆ, ಒಪ್ಪಂದದಂತೆ ಹಾಕ್‌ಐ ತಾನೇ ಜೈಲಿಗೆ ಹೋಗ್ತಾನೆ. ಏಬ್‌ಗೆ ಹಾಕಿದ ಷರತ್ತು ತನಗೇ ಬಂತು. ಕೊಟ್ಟ ಮಾತಿಗೆ ಒಬ್ಬ ಅವೆಂಜರ್ ಇಷ್ಟು ಬೆಲೆ ತೆತ್ತಿದ್ದು ನಾನು ಬೇರೆಲ್ಲೂ ಓದಿಲ್ಲ.

ಬೆಳ್ಳಿಪರದೆ_ಬಾಬು

ಎಲ್ಲ ಸರಿ, ಆದ್ರೆ ಮಾರ್ವೆಲ್‌ನ ಎದುರಾಳಿ ಕಂಪನಿ ಡಿಸಿಯ ‘ಸೂಸೈಡ್ ಸ್ಕ್ವಾಡ್’ ಇದಕ್ಕಿಂತ ಹತ್ತು ವರ್ಷ ಮುಂಚೆ, 1987ರಲ್ಲಿ ಜಾನ್ ಆಸ್ಟ್ರಾಂಡರ್ ಶುರು ಮಾಡಿದ್ದು. ಅದನ್ನ ಬಿಟ್ಟು ಇಷ್ಟು ಉದ್ದ ಚರ್ಚೆನಾ?

ಹಳೇ_ಸಂಚಿಕೆ

ಬಿಟ್ಟಿಲ್ಲ ಬಾಬು, ಬೇಕಂತಲೇ ಬದಿಗಿಟ್ಟಿದ್ದೆ. ಸ್ಕ್ವಾಡ್ ತುಂಬಾ ಒಳ್ಳೆ ಸರಣಿ, ಕೆಲವು ವಿಷಯದಲ್ಲಿ ಥಂಡರ್‌ಬೋಲ್ಟ್ಸ್‌ಗಿಂತ ಚುರುಕು. ಆದರೆ ಅದು ತಿದ್ದಿಕೊಂಡವರ ಕಥೆಯಲ್ಲ. ಲೂಸಿಯಾನಾದ ಬೆಲ್ ರೀವ್ ಜೈಲಿನ ಕೈದಿಗಳು, ಸರ್ಕಾರಿ ಅಧಿಕಾರಿ ಅಮಾಂಡಾ ವಾಲರ್ ಕೊಡೋ ಶಿಕ್ಷೆ ರಿಯಾಯ್ತಿ, ಕೈಗೆ ಸಿಡಿಮದ್ದಿನ ಪಟ್ಟಿ. ಶುರುವಿನ ಸಂಚಿಕೆಗಳಲ್ಲೇ ಕ್ಯಾಪ್ಟನ್ ಬೂಮರಾಂಗ್ ಏನು ಮಾಡ್ತಾನೆ ನೆನಪಿದೆಯಾ? ಪಟ್ಟಿ ನಿಜವಾಗಲೂ ಸಿಡಿಯುತ್ತಾ ಅಂತ ತಿಳ್ಕೊಳ್ಳೋಕೆ ಸ್ಲಿಪ್‌ನಾಟ್‌ನನ್ನ ಓಡಿಹೋಗು ಅಂತ ಉಬ್ಬಿಸ್ತಾನೆ. ಅವನು ಓಡ್ತಾನೆ, ಕೈಯೇ ಹೋಗುತ್ತೆ. ಬೂಮರಾಂಗ್‌ಗೆ ಉತ್ತರ ಸಿಕ್ಕಿತು! ಹೊರಗಿನ ಬೆದರಿಕೆಯಿಂದ ಕಟ್ಟಿದ ತಂಡದಲ್ಲಿ ಪಕ್ಕದವನು ಪ್ರಯೋಗದ ಇಲಿ.

ಥಂಡರ್‌ಬೋಲ್ಟ್ಸ್ ಹೆಸರಲ್ಲೇ ಈ ದಾರಿ ಹಿಡಿದು ನೋಡಿದ್ದೂ ಉಂಟು. 2007ರಲ್ಲಿ 110ನೇ ಸಂಚಿಕೆಯಿಂದ ವಾರೆನ್ ಎಲ್ಲಿಸ್, ಮೈಕ್ ಡಿಯೊಡಾಟೊ. ಹೀರೋಗಳು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು ಅನ್ನೋ ಕಾನೂನಿಗಾಗಿ ಹೀರೋಗಳೇ ಹೊಡೆದಾಡಿದ ‘ಸಿವಿಲ್ ವಾರ್’ ಮುಗಿದ ಕಾಲ. ಸರ್ಕಾರ ತಂಡವನ್ನ ನಾರ್ಮನ್ ಆಸ್ಬಾರ್ನ್ ಕೈಗೆ ಕೊಡುತ್ತೆ, ಅಂದ್ರೆ ಸ್ಪೈಡರ್‌ಮ್ಯಾನ್‌ನ ಶತ್ರು ಗ್ರೀನ್ ಗಾಬ್ಲಿನ್‌ಗೆ! ಬುಲ್ಸ್‌ಐ, ವೆನಮ್ ಥರದವರು ಸದಸ್ಯರು. ಟಿವಿಯಲ್ಲಿ ಹೀರೋಗಳು, ಆಟಿಕೆ ಜಾಹೀರಾತು ಬೇರೆ. ಅವರ ಕೆಲಸ ನೋಂದಣಿ ಮಾಡಿಸದ ಹೀರೋಗಳನ್ನ ಹಿಡಿಯೋದು. ಜ್ಯಾಕ್ ಫ್ಲ್ಯಾಗ್ ಅನ್ನೋ ಸಣ್ಣ ಹೀರೋ ಒಬ್ಬ ಹೆಂಗಸನ್ನ ಕಾಪಾಡಿದ್ದಕ್ಕೆ ಸಿಕ್ಕಿಬೀಳ್ತಾನೆ, ಬುಲ್ಸ್‌ಐ ಅವನ ಬೆನ್ನುಮೂಳೆಗೇ ಕೈ ಹಾಕ್ತಾನೆ. ಅದೇ ತಂಡದಲ್ಲಿ ಸಾಂಗ್‌ಬರ್ಡ್ ಇನ್ನೂ ಒಳ್ಳೆ ಕೆಲಸ ಮಾಡೋಣ ಅಂತ ಒದ್ದಾಡ್ತಿರ್ತಾಳೆ. ಓದೋಕೆ ಕಷ್ಟ ಆಗುತ್ತೆ, ಆದರೆ ಮೊದಲ ಹನ್ನೆರಡು ಸಂಚಿಕೆಯ ಬೆಲೆ ಗೊತ್ತಾಗೋದು ಇದನ್ನ ಓದಿದ ಮೇಲೇ.

ಮಳೆಗಾಲ

ಎಲ್ಲಿಸ್ ಬರೆದದ್ದು ನನಗೆ ಪೂರ್ತಿ ಇಷ್ಟ ಇಲ್ಲ. ಎಲ್ಲರೂ ಕೊಳೆತವರು ಅಂತ ತೋರಿಸೋದು ಸುಲಭ. ಲೇಖಕ ಜೆಫ್ ಪಾರ್ಕರ್ 2010ರಲ್ಲಿ ಹೀರೋ ಲ್ಯೂಕ್ ಕೇಜ್‌ನನ್ನ ಮೇಲೆ ಕೂರಿಸಿ ರಾಫ್ಟ್ ಜೈಲಿನಿಂದ ನಡೆಸಿದ ತಂಡ ಹೆಚ್ಚು ಇಷ್ಟ. ಕೇಜ್ ಮಾಡದ ತಪ್ಪಿಗೆ ಜೈಲಲ್ಲಿ ಕೂತು ಬಂದವನು. ಕೈದಿಗಳ ಮೈಯಲ್ಲಿ ಅವರನ್ನ ಹಿಡಿತದಲ್ಲಿಡೋ ನ್ಯಾನೈಟ್ (ಕಣ್ಣಿಗೆ ಕಾಣದಷ್ಟು ಚಿಕ್ಕ ಯಂತ್ರ) ಇರುತ್ತೆ, ಅಂದ್ರೆ ಬೆದರಿಕೆ ಇಲ್ಲೂ ಇದೆ. ಆದರೆ ಅವರನ್ನ ನೋಡಿಕೊಳ್ಳೋ ಸಿಬ್ಬಂದಿ ಯಾರು ಗೊತ್ತಲ್ಲ: ಸಾಂಗ್‌ಬರ್ಡ್, ಮ್ಯಾಕ್-5 ಆಗಿರೋ ಏಬ್, ಫಿಕ್ಸರ್. ಮೊದಲ ಬ್ಯಾಚಿನವರು ಈಗ ಮೇಷ್ಟ್ರು!

ಕುಡ್ಲದ_ಓದುಗ

ನಮ್ಮಲ್ಲಿ ತಿದ್ದಿಕೊಂಡವರ ಕಥೆಗಳನ್ನ ನೆನೆಸಿಕೊಳ್ಳಿ. ಬೇಡ ವಾಲ್ಮೀಕಿಯಾದದ್ದು ಹುತ್ತದೊಳಗೆ, ಒಬ್ಬನೇ. ಪಾಪದಲ್ಲಿ ಪಾಲು ತಗೊಳ್ತೀರಾ ಅಂತ ಮನೆಯವರನ್ನ ಕೇಳಿದ, ಅವರು ಒಲ್ಲೆ ಅಂದ್ರು. ಗೋವಿನ ಹಾಡಿನ ಹುಲಿ ಇನ್ನೂ ಪಾಪ, ಮನಸ್ಸು ಬದಲಾದ ಕ್ಷಣಕ್ಕೇ ಹಾರಿ ಪ್ರಾಣ ಬಿಟ್ಟಿತು. ಮರುದಿನ ಹುಲಿ ಎಂತ ತಿನ್ನಬೇಕಿತ್ತು, ಯಾರ ಜೊತೆ ಇರಬೇಕಿತ್ತು ಅನ್ನೋದು ಕಥೆಗೆ ಬೇಡ. ಥಂಡರ್‌ಬೋಲ್ಟ್ಸ್ ಶುರುವಾಗೋದೇ ಆ ಮರುದಿನದಿಂದ. ತಿಂಗಳು ತಿಂಗಳು ಬರೋ ಪತ್ರಿಕೆಗೆ ಅದು ಅನಿವಾರ್ಯ ಕೂಡ, ಹುಲಿ ಹಾರಿಬಿಟ್ಟರೆ ಮುಂದಿನ ಸಂಚಿಕೆ ಯಾರು ಕೊಳ್ತಾರೆ!

ಸುಂಯ್_ಟಪಕ್

ಹುಲಿಗೂ ಒಂದು ಟೀಮ್ ಇದ್ದಿದ್ರೆ 😂

ಪೇಡಾ_ಪ್ರಿಯ

ಹುಲಿಗೆ ಟೀಮ್ ಇದ್ರ ಪುಣ್ಯಕೋಟಿ ವಾಪಸ್ ಬರೂಮಟ ಯಾರೂ ಕಾಯ್ತಿದ್ದಿಲ್ಲ ತಮ್ಮಾ, ಕರುನೂ ಮುಗಸ್ತಿದ್ವು.

ನಿಶಾಚರಿ

ನಗು ಬಂತು, ಆದ್ರೆ ಪೇಡಾ ಸರ್ ಹೇಳಿದ್ದರಲ್ಲಿ ಗಂಭೀರವಾದದ್ದೂ ಇದೆ. ಇದೇ ನೆಪದಲ್ಲಿ ಮೂನ್‌ಸ್ಟೋನ್ (ಮೀಟಿಯೊರೈಟ್‌ನ ಹಳೇ ಹೆಸರು) ವಿಷಯಕ್ಕೆ ಬರೋಣ, ಯಾಕಂದ್ರೆ ಹಳೇ_ಸಂಚಿಕೆಯವರ ರೂಢಿಯ ವಾದಕ್ಕೆ ಅವಳೇ ದೊಡ್ಡ ಅಡ್ಡಿ. ಡಾಕ್ಟರ್ ಕಾರ್ಲಾ ಸೋಫೆನ್ ವೃತ್ತಿಯಿಂದ ಮನೋವೈದ್ಯೆ. ರೋಗಿಗಳ ಮನಸ್ಸು ಹಾಳು ಮಾಡಿದವಳು, ಮೂನ್‌ಸ್ಟೋನ್ ಕಲ್ಲನ್ನೂ ಹಾಗೆಯೇ ಒಬ್ಬ ರೋಗಿಯಿಂದ ಲಪಟಾಯಿಸಿದವಳು. ಅದೇ ಕೆಲಸ, ಅದೇ ಮನೆ, ಅದೇ ಜೋಲ್ಟ್, ಎಲ್ಲಾ ಇವಳಿಗೂ ಇತ್ತು. ಝೀಮೋ ಬಿದ್ದ ಮೇಲೆ ನಾಯಕಿ ಕೂಡ ಆದಳು, ಕೆಟ್ಟ ನಾಯಕಿಯೇನಲ್ಲ. ಆದರೂ ಎಲ್ಲಿಸ್ ಕಾಲಕ್ಕೆ ಆಸ್ಬಾರ್ನ್ ಪಕ್ಕದಲ್ಲಿ ಹಾಯಾಗಿ ನಿಂತಿರ್ತಾಳೆ, ಮೆಲಿಸ್ಸಾಳ ಕಾಲೆಳೀತಾ. ರೂಢಿ ಇವಳ ಮೇಲೆ ಯಾಕೆ ಕೆಲಸ ಮಾಡಲಿಲ್ಲ?

ಹಳೇ_ಸಂಚಿಕೆ

ಒಳ್ಳೆ ಪ್ರಶ್ನೆ ಮೇಡಂ. ನನಗೆ ತೋಚೋದು ಇಷ್ಟು. ಬೇರೆಯವರಿಗೆ ನಾಟಕ ಕಷ್ಟದ ಕೆಲಸವಾಗಿತ್ತು. ಎರಿಕ್ ಒರಟ, ಏಬ್ ಮೆಕ್ಯಾನಿಕ್, ಮೆಲಿಸ್ಸಾ ಕುಸ್ತಿ ಅಖಾಡದವಳು. ಒಳ್ಳೆಯವರ ಥರ ಮಾತಾಡೋಕೆ ಅವರು ಹೊಸದಾಗಿ ಕಲೀಬೇಕಾಯ್ತು, ಕಲಿಯುವಾಗ ಅದು ಅಂಟಿಕೊಂಡಿತು. ಕಾರ್ಲಾಗೆ ನಾಟಕ ಹುಟ್ಟಿನಿಂದಲೇ ಕರಗತ. ವೈದ್ಯೆಯ ಕುರ್ಚಿಯಲ್ಲಿ ಕೂತು ಕರುಣೆ ನಟಿಸೋದೇ ಅವಳ ಹೊಟ್ಟೆಪಾಡಾಗಿತ್ತು. ಅವಳು ಏನನ್ನೂ ಕಲೀಬೇಕಾಗಲಿಲ್ಲ, ಹಾಗಾಗಿ ಅಂಟಿಕೊಳ್ಳೋಕೂ ಏನಿರಲಿಲ್ಲ.

ನಿಶಾಚರಿ

ಒಪ್ಪಲ್ಲ. ಬ್ಯೂಸಿಕ್ ಮತ್ತು ನಿಸೀಝಾ ಅವಳೊಳಗೆ ತಳಮಳ ಇಟ್ಟಿದ್ದಾರೆ, ಕೆಟ್ಟ ಕನಸುಗಳು, ಮನಸ್ಸಾಕ್ಷಿಯ ಕಾಟ ಎಲ್ಲ ಇದೆ. ಮುಂದೆ ಬಂದ ಲೇಖಕರು ಅದನ್ನ ಎಸೆದುಬಿಟ್ಟರು. ಅವಳು ಬದಲಾಗಲಿಲ್ಲ ಅನ್ನೋದಕ್ಕಿಂತ, ಖಳನಾಯಕಿ ಬೇಕಾಗಿದ್ದಕ್ಕೆ ವಾಪಸ್ ಕರ್ಕೊಂಡ್ರು ಅನ್ನಿ. ಝೀಮೋ ಕಥೆ ನೋಡಿ, ನಿಸೀಝಾ ಅವನನ್ನೇ ಲೋಕ ಉಳಿಸೋಕೆ ಹೊರಟವನನ್ನಾಗಿ ಮಾಡಿದ್ರು, ಅದೂ ಅವನ ಅಹಂಕಾರ ಒಂದಿಷ್ಟೂ ಕಡಿಮೆ ಮಾಡದೆ. ಮಾಡೋ ಮನಸ್ಸಿದ್ದರೆ ಕಾರ್ಲಾಗೂ ಆಗ್ತಿತ್ತು.

ಬೆಳ್ಳಿಪರದೆ_ಬಾಬು

ಸರಿ, ವಾದ ಆಮೇಲೆ. ಹೊಸಬರು ಎಲ್ಲಿಂದ ಹಿಡೀಬೇಕು, ಅದನ್ನ ಹೇಳಿ.

ಮಳೆಗಾಲ

1ರಿಂದ 12 ಒಂದೇ ಉಸಿರಿಗೆ. ಆಮೇಲೆ ಹಾಕ್‌ಐ ಬರೋ 21ರಿಂದ ಬ್ಯೂಸಿಕ್ ಬಿಟ್ಟುಹೋಗೋ 33ರವರೆಗೆ. ನಿಸೀಝಾ ಬರೆದದ್ದರಲ್ಲಿ 50ರ ತನಕ ಬಿಗಿ ಇದೆ, ಆಮೇಲೆ ಸ್ವಲ್ಪ ಸಡಿಲ. 76ರಿಂದ ಶುರುವಾಗೋ ಕಳ್ಳ ಅಖಾಡದ ಹೊಡೆದಾಟದ ಕಥೆಗೂ ಈ ತಂಡಕ್ಕೂ ಸಂಬಂಧವೇ ಇಲ್ಲ, ದಾಟಿ ಹೋಗಿ. ಕಾಗದದಲ್ಲಿ ಬೇಕು ಅಂದ್ರೆ ಸಂಪುಟಗಳು ದುಬಾರಿ, ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪಿನಲ್ಲಿ ಓದೋದು ಸಲೀಸು.

ಪೇಡಾ_ಪ್ರಿಯ

ಅದಕ್ಕೂ ಮೊದಲು ಅವೆಂಜರ್ಸ್ 273ರಿಂದ 277 ಓದ್ರಿ. ಜಾರ್ವಿಸ್‌ಗೆ ಏನಾತು ಅಂತ ಗೊತ್ತಿಲ್ಲದ ಇವರಿಗೆ ಚಪ್ಪಾಳಿ ಹೊಡೀಬ್ಯಾಡ್ರಿ.

ಸುಂಯ್_ಟಪಕ್

ಮೊದಲ ಸಂಚಿಕೆ ಈಗಷ್ಟೇ ಮುಗಿಸಿದೆ. ಗುಟ್ಟು ಇಲ್ಲೇ ಗೊತ್ತಾಗಿದ್ರೂ ಆ ಕೊನೆ ಪುಟ ಬಂದಾಗ ‘ಥೂ ನಿನ್ನ’ ಅಂದುಬಿಟ್ಟೆ ಗುರು. ಪೇಡಾ ಅಣ್ಣ ಹೇಳಿದ್ದು ಆಮೇಲೆ ಓದ್ತೀನಿ, ಈಗ ಎರಡನೇದು.